ಮುಟ್ಟು ನಿಂತ ಮೇಲೆ ಯೋನಿ ಒಣಗಿ ಉರಿಯುತ್ತಿದ್ದರೆ ಮದ್ದಿದೆ, ಹೆದರದೆ ಕೇಳಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಮುಟ್ಟು ನಿಲ್ಲುವ ವಯಸ್ಸಿನ ಬಗ್ಗೆ ಬಂದಿದ್ದ ಲೇಖನ ಓದಿದೆ. ಮೈಯೆಲ್ಲ ಇದ್ದಕ್ಕಿದ್ದಂತೆ ಬಿಸಿಯಾಗಿ ಬೆವರುವುದು, ನಿದ್ದೆ ಬಾರದಿರುವುದು, ಮಂಡಿ ನೋವು, ಮೂಳೆ ಸವೆತ, ಕಾರಣವಿಲ್ಲದ ಸಿಟ್ಟು, ಎಲ್ಲ ಇತ್ತು. ರಾಗಿ ತಿನ್ನಿ, ಬೆಳಗಿನ ಬಿಸಿಲಲ್ಲಿ ನಡೆಯಿರಿ ಅಂತ ಒಳ್ಳೆಯ ಮಾತೂ ಇತ್ತು. ಬರೆದವರಿಗೆ ಥ್ಯಾಂಕ್ಸ್. ಆದರೆ ಯೋನಿ ಒಣಗುವುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಬೆವರು ಬರುವುದು ಕೆಲವು ವರ್ಷದಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಇದು ಹಾಗಲ್ಲ. ಮದ್ದು ಮಾಡದಿದ್ದರೆ ವರ್ಷ ಕಳೆದ ಹಾಗೆ ಜಾಸ್ತಿಯಾಗುತ್ತಾ ಹೋಗುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನರಿಗೆ ಈ ತೊಂದರೆ ಒಂದಲ್ಲ ಒಂದು ರೂಪದಲ್ಲಿ ಇರುತ್ತದೆ. ಇಷ್ಟು ಜನರ ಕಷ್ಟವನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದರೆ ಆ ಲೇಖನ ಅರ್ಧವೇ ಅಲ್ವಾ? ದಯವಿಟ್ಟು ಪದ ನೋಡಿ ಈ ಪತ್ರವನ್ನು ಪಕ್ಕಕ್ಕೆ ಇಡಬೇಡಿ. ಕಿಡ್ನಿ, ಲಿವರ್ ಅಂತ ಅಚ್ಚು ಹಾಕುವ ಪುಟದಲ್ಲೇ ಇದೂ ಬರಲಿ.

ನಾನು ಡಾಕ್ಟರ್ ಅಲ್ಲ. ಶಿಡ್ಲಘಟ್ಟದಲ್ಲಿ ಬ್ಲೌಸ್, ಚೂಡಿದಾರ್ ಹೊಲಿಯುವ ಅಂಗಡಿ ನನ್ನದು. ಅಳತೆ ಕೊಡಲು ಪರದೆಯ ಹಿಂದೆ ಬಂದ ಹೆಂಗಸರು ಬೇರೆಲ್ಲೂ ಆಡದ ಮಾತು ಆಡುತ್ತಾರೆ, ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ. ಅತ್ತೆ ಜಗಳ, ಚೀಟಿ ದುಡ್ಡು, ಮಗನ ಮದುವೆ ಎಲ್ಲ ಆದ ಮೇಲೆ, ಟೇಪು ಸುತ್ತಿ ಇಡುವ ಹೊತ್ತಿಗೆ ಈ ಮಾತು ಬರುತ್ತದೆ. ನನಗೂ ಇದೇ ತೊಂದರೆ ಇತ್ತು, ಚಿಕ್ಕಬಳ್ಳಾಪುರದ ಸ್ತ್ರೀರೋಗ ತಜ್ಞೆ ಕೊಟ್ಟ ಕ್ರೀಮ್ ಈಗಲೂ ಹಚ್ಚುತ್ತಿದ್ದೇನೆ, ಅದಕ್ಕೇ ಈ ಮಾತು ಆಡುವ ಧೈರ್ಯ ನನಗಿದೆ.

ರೇಷ್ಮೆ ನೂಲು ಬಿಚ್ಚಾಣಿಕೆಗೆ ಹೋಗುವ ಒಬ್ಬ ಹೆಂಗಸು ನೆನಪಾಗುತ್ತಾಳೆ. ಬಿಸಿ ನೀರಿನ ಬೇಸಿನ್ನಿನಲ್ಲಿ ಗೂಡು ತಿರುವಿ ತಿರುವಿ ಬೆರಳ ತುದಿಯೆಲ್ಲ ಬೆಳ್ಳಗೆ ಮುದುಡಿಕೊಂಡಿತ್ತು. ಕೂರಮ್ಮಾ ಅಂದರೆ ಸ್ಟೂಲಿನ ಮೇಲೆ ಒಂದು ಪಕ್ಕಕ್ಕೆ ಭಾರ ಬಿಟ್ಟು ಕೂತಳು. ಅವಳು ಬಂದದ್ದು ಬ್ಲೌಸಿಗಲ್ಲ. ಒಳಚಡ್ಡಿಯ ಹೊಲಿಗೆ ತಗುಲಿದರೂ ಉರಿಯುತ್ತದೆ, ಹಳೆಯ ಪಂಚೆ ಬಟ್ಟೆಯಲ್ಲಿ ಮೆತ್ತಗಿರುವ ಹಾಗೆ ಏನಾದರೂ ಹೊಲಿದು ಕೊಡಕ್ಕಾ ಅಂತ ಕೇಳಿದಳು. ಮುಟ್ಟು ನಿಂತು ಐದಾರು ವರ್ಷ ಆಗಿತ್ತು. ಮೂತ್ರಕ್ಕೆ ಹೋದರೆ ಉರಿ, ನಡೆದರೆ ಉಜ್ಜಿದ ಹಾಗೆ, ರಾತ್ರಿ ಕೆರೆತ. ಕೆಲಸದ ಜಾಗದಲ್ಲಿ ಹೋಗಲು ಸರಿಯಾದ ಜಾಗ ಇಲ್ಲ, ಹಾಗಾಗಿ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಗಂಡನ ಪಕ್ಕ ಮಲಗುವುದನ್ನೂ ಬಿಟ್ಟು ಮೊಮ್ಮಗಳನ್ನು ತಬ್ಬಿಕೊಂಡು ಹಾಲ್‌ನಲ್ಲಿ ಮಲಗುತ್ತಿದ್ದಳು. ಅವನಿಗೆ ಇವಳು ಯಾಕೋ ಮುನಿಸಿಕೊಂಡಿದ್ದಾಳೆ ಅಂತಲೇ ಲೆಕ್ಕ. ಇವಳು ಒಂದು ಮಾತೂ ಹೇಳಿಲ್ಲ. ತೋರಿಸಿಕೊಂಡಿದ್ದೀಯಾ ಅಂದರೆ, ಹೂಂ ಅಕ್ಕಾ, ಉಷ್ಣ ಅಂದ್ರು ಅಂತ ಹೇಳಿದಳು.

ಈ ಉಷ್ಣದ ಮಾತು ನಮ್ಮ ಕಡೆ ಎಲ್ಲ ಹೆಂಗಸರೂ ಕೇಳಿರುವುದೇ. ಬಾರ್ಲಿ ನೀರು, ಜೀರಿಗೆ ನೀರು, ಎಳನೀರು, ನೆತ್ತಿಗೆ ಹರಳೆಣ್ಣೆ. ಕುಡಿಯುವುದರಿಂದ ಕೆಡುಕೇನೂ ಇಲ್ಲ, ಮೂತ್ರದ ಉರಿ ಸ್ವಲ್ಪ ತಗ್ಗಲೂಬಹುದು. ಆದರೆ ಒಣಗಿದ ಚರ್ಮ ಬಾರ್ಲಿ ನೀರಿಗೆ ಮತ್ತೆ ದಪ್ಪವಾಗುವುದಿಲ್ಲ. ಅಲ್ಲಿ ಆಗಿರುವುದೇ ಬೇರೆ.

ನನ್ನ ಡಾಕ್ಟರ್ ಚೀಟಿಯ ಹಿಂದೆ ಚಿತ್ರ ಬಿಡಿಸಿ ಹೇಳಿದ್ದನ್ನೂ, ಆಮೇಲೆ ಮಗಳ ಹತ್ತಿರ ಕೂತು ಓದಿಸಿಕೊಂಡದ್ದನ್ನೂ ಸೇರಿಸಿ ಹೇಳುತ್ತೇನೆ. ನಮ್ಮ ದೇಶದಲ್ಲಿ ಹೆಂಗಸರಿಗೆ ಸಾಮಾನ್ಯವಾಗಿ 46, 47ರ ಆಸುಪಾಸಿನಲ್ಲಿ ಮುಟ್ಟು ನಿಲ್ಲುತ್ತದೆ. ಹನ್ನೆರಡು ತಿಂಗಳು ಮುಟ್ಟಾಗದಿದ್ದರೆ ನಿಂತಿತು ಅಂತ ಲೆಕ್ಕ. ಅಂಡಾಶಯದಿಂದ ಬರುತ್ತಿದ್ದ ಈಸ್ಟ್ರೋಜೆನ್ ಹಾರ್ಮೋನ್ ತೀರಾ ಇಳಿದುಹೋಗುತ್ತದೆ. ಯೋನಿಯ ಒಳಪದರ ದಪ್ಪವಾಗಿ, ತೇವವಾಗಿ, ಹಿಗ್ಗುವ ಹಾಗೆ ಇರುತ್ತಿದ್ದದ್ದು ಇದೇ ಹಾರ್ಮೋನಿನಿಂದ. ಅದು ಇಳಿದರೆ ಪದರ ತೆಳುವಾಗುತ್ತದೆ, ರಕ್ತ ಓಡಾಟ ಕಡಿಮೆಯಾಗುತ್ತದೆ, ಸುಮ್ನೆ ತಗುಲಿದರೂ ಕೆರೆದು ರಕ್ತ ಬರುವಷ್ಟು ನಾಜೂಕಾಗುತ್ತದೆ. ಇನ್ನೊಂದು ಸಂಗತಿ ನನಗೆ ಗೊತ್ತೇ ಇರಲಿಲ್ಲ. ಯೋನಿಯ ಒಳಗೆ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವಂತೆ. ಆ ಪದರದಲ್ಲಿರುವ ಗ್ಲೈಕೋಜೆನ್‌ನಿಂದ ಅವಕ್ಕೆ ಆಹಾರ, ಅವು ಮಾಡುವ ಆಮ್ಲದಿಂದ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಮೊಸರಿನಲ್ಲಿರುವ ಜಾತಿಯದ್ದೇ ಇವು. ಪದರ ತೆಳುವಾದರೆ ಅವಕ್ಕೆ ಊಟ ಇಲ್ಲ, ಹುಳಿ ಇಳಿಯುತ್ತದೆ, ಕರುಳಿನ ಕಡೆಯ ಬ್ಯಾಕ್ಟೀರಿಯಾ ಬಂದು ಸೇರಿಕೊಳ್ಳುತ್ತವೆ. ಮೂತ್ರದ ದಾರಿಗೂ ಇದೇ ಹಾರ್ಮೋನ್ ಬೇಕು. ಹಾಗಾಗಿ ಉರಿಮೂತ್ರ, ಪದೇ ಪದೇ ಹೋಗಬೇಕು ಅನಿಸುವುದು, ತಡೆಯಲಾಗದೆ ಓಡುವುದು, ಮತ್ತೆ ಮತ್ತೆ ಮೂತ್ರದ ಸೋಂಕು, ಎಲ್ಲ ಒಂದೇ ಬೇರಿನಿಂದ ಬಂದದ್ದು. ಅದಕ್ಕೇ 2014ರಲ್ಲಿ ಡಾಕ್ಟರುಗಳ ಸಂಘಗಳು ಸೇರಿ ಯೋನಿಯ ತೊಂದರೆ, ಮೂತ್ರದ ತೊಂದರೆ ಎರಡನ್ನೂ ಸೇರಿಸಿ ಒಂದೇ ಕಾಯಿಲೆ ಅಂತ ಹೆಸರಿಟ್ಟರು.

ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ವಯಸ್ಸು ನಲವತ್ತು ಆಗದಿದ್ದರೂ ಇದು ಬರುತ್ತದೆ, ಅದೂ ಒಮ್ಮೆಲೇ. ಹಾಲು ಕುಡಿಸುವ ಬಾಣಂತಿಯರಿಗೂ ಕೆಲವು ತಿಂಗಳು ಇದೇ ಥರ ಒಣಗುವುದುಂಟು.

ಇದನ್ನು ಗಂಡ ಹೆಂಡತಿ ಮಲಗುವ ವಿಷಯ ಅಂತ ಮಾತ್ರ ತಿಳಿದುಕೊಂಡಿರುವುದರಿಂದಲೇ ಎಲ್ಲರ ಬಾಯಿಗೂ ಬೀಗ ಬಿದ್ದಿದೆ. ಹೌದು, ಅದೂ ಇದರಲ್ಲಿದೆ, ಮುಚ್ಚಿಡುವುದು ಬೇಡ. ಸೇರುವಾಗ ಗಾಜಿನ ಚೂರಿನಿಂದ ಗೀರಿದ ಹಾಗೆ ನೋವು, ಆಮೇಲೆ ಎರಡು ದಿನ ಉರಿ. ಐವತ್ತು ದಾಟಿದ ಹೆಂಗಸಿಗೆ ಆ ಸುಖ ಬೇಕು ಅನಿಸಿದರೆ ಅದರಲ್ಲಿ ತಪ್ಪೇನಿದೆ? ಆದರೆ ಗಂಡ ತೀರಿಹೋಗಿ ಎಷ್ಟೋ ವರ್ಷವಾದ ಹೆಂಗಸರೂ ಇದೇ ಉರಿಯಲ್ಲಿ ಒದ್ದಾಡುತ್ತಾರೆ. ಮದುವೆಯೇ ಆಗದವರಿಗೂ ಬರುತ್ತದೆ. ನಮ್ಮ ಬೀದಿಯ ಒಬ್ಬ ವಿಧವೆ ಅಜ್ಜಿ ಮೂತ್ರದ ಸೋಂಕಿಗೆ ಆಂಟಿಬಯಾಟಿಕ್ ಮಾತ್ರೆ ತಿಂದು ತಿಂದು ಊಟ ಸೇರದ ಹಾಗಾಗಿದ್ದರು. ಒಂದು ಕೋರ್ಸ್ ಮುಗಿದು ಸ್ವಲ್ಪ ದಿನ ಆರಾಮ, ಮತ್ತೆ ಚಳಿ ಜ್ವರ, ಮತ್ತೆ ಮಾತ್ರೆ. ಕೆಳಗೆ ಒಣಗಿದೆಯಾ, ಉರಿ ಇದೆಯಾ ಅಂತ ಆ ಕ್ಲಿನಿಕ್ಕಿನಲ್ಲಿ ಯಾರೂ ಕೇಳಲಿಲ್ಲ, ಒಂದು ಸಲವೂ ಪರೀಕ್ಷೆ ಮಾಡಿ ನೋಡಲಿಲ್ಲ. ಗಂಡ ಇಲ್ಲದವರಿಗೆ ಇದನ್ನೆಲ್ಲ ಕೇಳುವುದೇನು ಅಂತ ಇರಬೇಕು. ನನಗೆ ತುಂಬಾ ಸಿಟ್ಟು ಬರುವುದು ಇಲ್ಲೇ.

ಯಾಕೆಂದರೆ ಈ ಸೋಂಕಿಗೂ ಹಾರ್ಮೋನ್ ಕ್ರೀಮಿಗೂ ಇರುವ ನಂಟು ಹೊಸ ಸುದ್ದಿಯೇನಲ್ಲ. 1993ರಲ್ಲೇ ಡಾಕ್ಟರುಗಳ ಪತ್ರಿಕೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂದಿದೆ. ಪದೇ ಪದೇ ಮೂತ್ರದ ಸೋಂಕಾಗುತ್ತಿದ್ದ, ಮುಟ್ಟು ನಿಂತ 93 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಯೋನಿಗೆ ಹಚ್ಚುವ, ಎಸ್ಟ್ರಿಯಾಲ್ ಅನ್ನುವ ಈಸ್ಟ್ರೋಜೆನ್ ಇರುವ ಕ್ರೀಮ್, ಇನ್ನೊಂದಕ್ಕೆ ಔಷಧಿ ಇಲ್ಲದ ಬರೀ ಕ್ರೀಮ್ ಕೊಟ್ಟರು. ಬರೀ ಕ್ರೀಮ್ ಹಚ್ಚಿದವರಿಗೆ ವರ್ಷಕ್ಕೆ ಸರಾಸರಿ 5.9 ಸಲ ಸೋಂಕಾಯಿತು. ಎಸ್ಟ್ರಿಯಾಲ್ ಹಚ್ಚಿದವರಿಗೆ 0.5 ಸಲ. ಹೋಗಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳೂ ಒಂದೇ ತಿಂಗಳಲ್ಲಿ ಎಸ್ಟ್ರಿಯಾಲ್ ಹಚ್ಚಿದ 36 ಜನರಲ್ಲಿ 22 ಜನರಿಗೆ ವಾಪಸ್ ಬಂದವು. ಅಮೆರಿಕದ ಮೂತ್ರರೋಗ ತಜ್ಞರ ಸಂಘವೂ 2019ರಲ್ಲಿ, ಇಂಥವರಿಗೆ ಬೇರೆ ಅಡ್ಡಿ ಇಲ್ಲದಿದ್ದರೆ ಯೋನಿಗೆ ಹಚ್ಚುವ ಈಸ್ಟ್ರೋಜೆನ್ ಕೊಡಿ ಅಂತ ಸಲಹೆ ಮಾಡಿದೆ. ಅಜ್ಜಿಗೆ ಕೊನೆಗೆ ಬೇರೊಬ್ಬ ಡಾಕ್ಟರ್ ಇದನ್ನೇ ಬರೆದುಕೊಟ್ಟರು. ಈಗ ಬೆಳಿಗ್ಗೆ ಸಾಲುಮನೆಗಳ ಮುಂದೆ ನಿಂತು ಎಲ್ಲರನ್ನೂ ಮಾತಾಡಿಸಿಕೊಂಡು ಬರುತ್ತಾರೆ, ಸೋಂಕು ಮೊದಲಿನ ಹಾಗೆ ಕಾಡುತ್ತಿಲ್ಲ.

ಉಷ್ಣ ಅನ್ನದಿದ್ದರೆ ಫಂಗಸ್ ಅನ್ನುತ್ತಾರೆ. ಕೆರೆತ ಅಂದ ಕೂಡಲೇ ಒಳಗೆ ಇಡುವ ಫಂಗಸ್ ಮಾತ್ರೆ. ಅದು ಮುಗಿದ ಮೇಲೂ ಕೆರೆತ ಇದ್ದರೆ ಮತ್ತೊಂದು. ಪರೀಕ್ಷೆ ಮಾಡಿ ನೋಡಿದರೆ ತಾನೇ ಗೊತ್ತಾಗುವುದು? ಸಕ್ಕರೆ ಕಾಯಿಲೆ ಇರುವವರಿಗೆ ಫಂಗಸ್ ನಿಜವಾಗಿಯೂ ಬರುತ್ತದೆ, ಹಾಗಾಗಿ ಶುಗರ್ ನೋಡಿಸಿಕೊಳ್ಳುವುದು ಒಳ್ಳೆಯದೇ. ಆದರೆ ಶುಗರ್ ಇಲ್ಲ, ಮೊಸರಿನ ಗಟ್ಟಿಯಂಥ ಬಿಳಿ ಸೆರಗೂ ಇಲ್ಲ, ಬರೀ ಉರಿ ಮತ್ತು ಒಣಕಲು ಅಂದರೆ ಒಣಗಿರುವುದನ್ನೇ ಮೊದಲು ಯೋಚಿಸಬೇಕು. ಇನ್ನು ನಾವೇ ಮಾಡಿಕೊಳ್ಳುವುದೂ ಇದೆ. ವಾಸನೆ ಇರಬಹುದೇನೋ ಅಂತ ಸೋಪು ಹಾಕಿ ಒಳಗೆಲ್ಲ ಉಜ್ಜುವುದು, ಸುಡುವ ನೀರು ಹುಯ್ದುಕೊಳ್ಳುವುದು, ನೀರಿಗೆ ಡೆಟಾಲ್ ಹಾಕುವುದು. ದಯವಿಟ್ಟು ಬೇಡ. ಒಳಗೆ ತೊಳೆಯುವ ಅಗತ್ಯವೇ ಇಲ್ಲ. ಹೊರಗೆ ಬರೀ ನೀರು ಸಾಕು.

ಮದ್ದಿನ ವಿಷಯಕ್ಕೆ ಬರುತ್ತೇನೆ. ತೊಂದರೆ ಕಡಿಮೆ ಇದ್ದರೆ ಹಾರ್ಮೋನ್ ಇಲ್ಲದ್ದೇ ಸಾಕಾಗಬಹುದು. ಯೋನಿಗೆ ಅಂತಲೇ ಮಾಡಿದ ಮಾಯಿಶ್ಚರೈಸರ್ ಜೆಲ್ ಸಿಗುತ್ತದೆ, ಅದನ್ನು ವಾರಕ್ಕೆ ಎರಡು ಮೂರು ಸಲ ಹಚ್ಚಬೇಕು. ಸೇರುವ ಹೊತ್ತಿಗೆ ಮಾತ್ರ ಹಚ್ಚುವ ಲೂಬ್ರಿಕೆಂಟ್ ಬೇರೆ. ಕೊಬ್ಬರಿ ಎಣ್ಣೆ ಹಚ್ಚುವವರು ನಮ್ಮಲ್ಲಿ ಜಾಸ್ತಿ, ಹೊರಗಿನ ಒರಟಿಗೆ ಅದು ಹಿತವಾಗುತ್ತದೆ, ಆದರೆ ಕಾಂಡೋಮ್ ಬಳಸುವವರು ಎಣ್ಣೆ ಹಚ್ಚಬಾರದು, ರಬ್ಬರ್ ಹರಿಯುತ್ತದೆ. ಇವೆಲ್ಲ ಮೇಲ್ಮೇಲೆ ತೇವ ಕೊಡುತ್ತವೆ ಅಷ್ಟೇ. ತೆಳುವಾದ ಪದರವನ್ನು ಮತ್ತೆ ದಪ್ಪ ಮಾಡುವುದು ಹಾರ್ಮೋನ್.

ಆ ಹಾರ್ಮೋನನ್ನು ನುಂಗಬೇಕಾಗಿಲ್ಲ. ಎಲ್ಲಿ ಬೇಕೋ ಅಲ್ಲಿಗೇ ಹಚ್ಚಬಹುದು. ನನಗೆ ಕೊಟ್ಟಿರುವುದು ಎಸ್ಟ್ರಿಯಾಲ್ ಕ್ರೀಮ್, ಒಂದು ಗ್ರಾಂ ಕ್ರೀಮಿನಲ್ಲಿ ಒಂದು ಮಿಲಿಗ್ರಾಂ ಔಷಧಿ ಇರುತ್ತದೆ. ಟ್ಯೂಬಿನ ಜೊತೆ ಪ್ಲಾಸ್ಟಿಕ್ಕಿನ ಒಂದು ಅಪ್ಲಿಕೇಟರ್ ಬರುತ್ತದೆ, ಸೂಜಿ ಇಲ್ಲದ ಸಿರಿಂಜಿನ ಥರ. ಅದರ ಮೇಲೆ ಗೆರೆ ಇದೆ. ಟ್ಯೂಬಿನ ಬಾಯಿಗೆ ತಿರುಗಿಸಿ ಕೂರಿಸಿ, ಗೆರೆ ಬರುವ ತನಕ ಹಿಂಡಿದರೆ ಅರ್ಧ ಗ್ರಾಂ. ರಾತ್ರಿ ಮಲಗುವ ಮುಂಚೆ ಕೈ ತೊಳೆದು, ಅಂಗಾತ ಮಲಗಿ ಮಂಡಿ ಮಡಚಿ, ಉಸಿರು ಬಿಡುತ್ತಾ ಮೆಲ್ಲಗೆ ಒಳಗೆ ಬಿಟ್ಟು ಒತ್ತಬೇಕು. ಮೊದಲ ಎರಡು ಮೂರು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡೇ ಸಲ. ಅಪ್ಲಿಕೇಟರನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸೋಪು ಹಾಕಿ ತೊಳೆದಿಡಬೇಕು, ಕುದಿಯುವ ನೀರಿಗೆ ಹಾಕಿದರೆ ಸೊಟ್ಟಗಾಗುತ್ತದೆ. ಶುರುವಿನಲ್ಲಿ ಅಪ್ಲಿಕೇಟರ್ ತಗುಲಿದರೇ ನೋವು ಅನ್ನುವವರಿಗೆ ಬೆರಳಲ್ಲಿ ಹಚ್ಚಿಕೊಳ್ಳುವುದನ್ನು ಡಾಕ್ಟರ್ ಹೇಳಿಕೊಡುತ್ತಾರೆ. ಮೊದಲ ಕೆಲವು ರಾತ್ರಿ ಸ್ವಲ್ಪ ಚುರುಚುರು ಅನ್ನಬಹುದು, ಪದರ ನಾಜೂಕಾಗಿರುವುದರಿಂದ. ಅದಕ್ಕೆ ಹೆದರಿ ಬಿಟ್ಟವರೂ ಇದ್ದಾರೆ, ಬಿಡಬೇಡಿ, ಡಾಕ್ಟರನ್ನು ಕೇಳಿ. ಇದನ್ನು ಸೇರುವ ಹೊತ್ತಿನಲ್ಲಿ ಲೂಬ್ರಿಕೆಂಟ್ ಥರ ಹಚ್ಚಲೇಬಾರದು, ಗಂಡನ ಮೈಗೂ ಔಷಧಿ ಸೇರುತ್ತದೆ.

ಒಂದು ವಾರಕ್ಕೇ ಗುಣ ಕಾಣಲಿಲ್ಲ ಅಂತ ಕೈಬಿಡುವುದು ಇನ್ನೊಂದು ತೊಂದರೆ. ಹೊಸ ಪದರ ಬೆಳೆಯಬೇಕಲ್ವಾ? ಕೆಲವು ವಾರದಲ್ಲಿ ಉರಿ ತಗ್ಗುತ್ತದೆ, ಪೂರ್ತಿ ಗುಣ ಕಾಣಲು ಮೂರು ತಿಂಗಳ ತನಕ ಬೇಕಾಗಬಹುದು. ಗುಣವಾಯಿತು ಅಂತ ನಿಲ್ಲಿಸಿದರೆ ಮತ್ತೆ ಒಣಗುತ್ತದೆ, ಏಕೆಂದರೆ ಒಳಗಿನ ಹಾರ್ಮೋನ್ ವಾಪಸ್ ಬಂದಿರುವುದಿಲ್ಲ. ಬಿಪಿ ಮಾತ್ರೆ ತರಹ ಇದನ್ನೂ ಮುಂದುವರಿಸಿಕೊಂಡು ಹೋಗಬೇಕು, ಆಗಾಗ ಡಾಕ್ಟರಿಗೆ ತೋರಿಸಿಕೊಳ್ಳುತ್ತಾ. ಖರ್ಚಿನ ಲೆಕ್ಕ ಕೇಳುವವರಿಗೆ ಹೇಳುತ್ತೇನೆ, ಅರ್ಧ ಗ್ರಾಂ ಲೆಕ್ಕದಲ್ಲಿ 15 ಗ್ರಾಂ ಟ್ಯೂಬು 30 ಸಲಕ್ಕೆ ಬರುತ್ತದೆ. ಮೊದಲ ಎರಡು ವಾರಕ್ಕೆ 14 ಹೋದರೂ ಉಳಿದದ್ದು ಎಂಟು ವಾರಕ್ಕೆ ಸಾಕು.

ಇಷ್ಟು ಸುಲಭ ಇರುವಾಗ ಬರೆದುಕೊಟ್ಟ ಟ್ಯೂಬನ್ನೂ ಹೆಂಗಸರು ಹಚ್ಚದೆ ಇಡುವುದು ಯಾಕೆ? ಒಳಗಿನ ಕಾಗದ ನೋಡಿ. ನಾಲ್ಕು ಮಡಿಕೆಯ ಕಾಗದ, ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರ. ಓದುವ ಮಗನೋ ಸೊಸೆಯೋ ಬಿಡಿಸಿ ನೋಡಿದರೆ ಸ್ತನ ಕ್ಯಾನ್ಸರ್, ಗರ್ಭಕೋಶದ ಕ್ಯಾನ್ಸರ್, ಪಾರ್ಶ್ವವಾಯು, ಹೃದಯಾಘಾತ, ರಕ್ತ ಹೆಪ್ಪುಗಟ್ಟುವುದು. ಒಣಗಿದೆ ಅಂತ ಹೋದವಳಿಗೆ ಇದನ್ನೆಲ್ಲ ಓದಿ ಹೇಳಿದರೆ ಹಚ್ಚುತ್ತಾಳಾ? ನಮ್ಮ ಪಕ್ಕದ ಮನೆಯವರು ಟ್ಯೂಬನ್ನು ಬೀರುವಿನ ಮೇಲಿನ ಅರೆಯಲ್ಲಿ, ಸೀರೆಗಳ ಹಿಂದೆ ತಳ್ಳಿ ಇಟ್ಟಿದ್ದರು. ಸೀಲ್ ಕೂಡ ಒಡೆದಿರಲಿಲ್ಲ.

ಆ ಹೆದರಿಕೆ ಎಲ್ಲಿಂದ ಬಂತು ಅಂತ ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ. ಅಮೆರಿಕದಲ್ಲಿ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅನ್ನುವ ದೊಡ್ಡ ಅಧ್ಯಯನ ನಡೆಯಿತು. ಅದರ ಒಂದು ಭಾಗದಲ್ಲಿ 16,608 ಹೆಂಗಸರಿದ್ದರು, ಸರಾಸರಿ ವಯಸ್ಸು 63. ಅರ್ಧದಷ್ಟು ಜನರಿಗೆ ಎರಡು ಹಾರ್ಮೋನ್ ಸೇರಿದ ಮಾತ್ರೆಯನ್ನು ದಿನಾ ನುಂಗಲು ಕೊಟ್ಟಿದ್ದರು. ಸ್ತನ ಕ್ಯಾನ್ಸರ್ ವರ್ಷಕ್ಕೆ 10,000 ಜನರಲ್ಲಿ 8ರಷ್ಟು ಹೆಚ್ಚಿಗೆ ಕಂಡಿತು, ಬೇರೆ ಅಪಾಯಗಳೂ ಕಂಡವು. 2002ರಲ್ಲಿ ಆ ಭಾಗವನ್ನು ನಿಲ್ಲಿಸಿದರು. ಆಮೇಲೆ ಈಸ್ಟ್ರೋಜೆನ್ ಇರುವ ಎಲ್ಲ ಔಷಧಿಗೂ, ಯೋನಿಗೆ ಹಚ್ಚುವ ಚೂರು ಕ್ರೀಮಿಗೂ ಸೇರಿಸಿ, ಒಂದೇ ಎಚ್ಚರಿಕೆ ಹಾಕಿಬಿಟ್ಟರು. ಮಾತ್ರೆ ನುಂಗಿದರೆ ಹಾರ್ಮೋನ್ ಇಡೀ ಮೈಗೆ ಹರಡುತ್ತದೆ. ಕಡಿಮೆ ಪ್ರಮಾಣದ್ದನ್ನು ಯೋನಿಗೆ ಹಚ್ಚಿದರೆ ರಕ್ತಕ್ಕೆ ಸೇರುವುದು ತುಂಬಾ ಕಡಿಮೆ. ಒಂದು ಲೆಕ್ಕ ನೋಡಿ. ಎಸ್ಟ್ರಡಯಾಲ್ ಅನ್ನುವ ಹಾರ್ಮೋನಿನ ಯೋನಿ ಮಾತ್ರೆ 10 ಮೈಕ್ರೋಗ್ರಾಂನದ್ದು. ವಾರಕ್ಕೆ ಎರಡರಂತೆ ವರ್ಷಕ್ಕೆ ನೂರಾ ನಾಲ್ಕು ಇಟ್ಟರೂ ಒಟ್ಟು ಒಂದು ಮಿಲಿಗ್ರಾಂಗಿಂತ ಚೂರು ಜಾಸ್ತಿ. ಅದೇ ಹಾರ್ಮೋನಿನ ನುಂಗುವ ಮಾತ್ರೆ ಒಂದು ದಿನದ್ದೇ ಒಂದು ಮಿಲಿಗ್ರಾಂ ಇರುತ್ತದೆ. ನನ್ನ ಕ್ರೀಮಿನಲ್ಲಿರುವ ಎಸ್ಟ್ರಿಯಾಲ್‌ನ ಪ್ರಮಾಣ ಬೇರೆ, ಆದರೆ ಅದು ಎಸ್ಟ್ರಡಯಾಲ್‌ಗಿಂತ ಎಷ್ಟೋ ಸೌಮ್ಯ.

ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ, ಯೋನಿಗೆ ಮಾತ್ರ ಈಸ್ಟ್ರೋಜೆನ್ ಹಚ್ಚುತ್ತಿದ್ದ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ್ದರು. ಅದರ ಫಲಿತಾಂಶ 2018ರಲ್ಲಿ ಬಂತು. ಗರ್ಭಕೋಶ ಇದ್ದವರಲ್ಲಿ ಸ್ತನ ಕ್ಯಾನ್ಸರ್, ಗರ್ಭಕೋಶದ ಒಳಪದರದ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪು, ಯಾವುದೂ ಹಚ್ಚದವರಿಗಿಂತ ಹೆಚ್ಚಾಗಿರಲಿಲ್ಲ. ಬ್ರಿಟನ್ನಿನಲ್ಲಿ 2022ರ ಸೆಪ್ಟೆಂಬರಿನಿಂದ 50 ದಾಟಿದ, ಮುಟ್ಟು ನಿಂತು ವರ್ಷವಾದ ಹೆಂಗಸರಿಗೆ ಆ 10 ಮೈಕ್ರೋಗ್ರಾಂ ಮಾತ್ರೆ ಡಾಕ್ಟರ್ ಚೀಟಿಯೇ ಇಲ್ಲದೆ, ಫಾರ್ಮಸಿಸ್ಟ್ ನಾಲ್ಕು ಪ್ರಶ್ನೆ ಕೇಳಿ ಕೊಡುವ ಹಾಗಾಗಿದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ 2025ರ ನವೆಂಬರಿನಲ್ಲಿ ಇಂಥ ಔಷಧಿಗಳ ಮೇಲಿನ ಕಪ್ಪು ಚೌಕದೊಳಗೆ ಅಚ್ಚು ಹಾಕುವ ಆ ಎಚ್ಚರಿಕೆಯನ್ನು ತೆಗೆಸುವುದಾಗಿ ಹೇಳಿದೆ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಹೆಂಗಸರು ಸುಮ್ನೆ ಹೆದರಿಕೊಂಡು ಉರಿ ತಿಂದರು ಅನ್ನುವುದು ನನಗೆ ಹೊಟ್ಟೆ ಉರಿಸುತ್ತದೆ.

ಎಲ್ಲರೂ ಅಂಗಡಿಗೆ ಹೋಗಿ ತಂದು ಹಚ್ಚಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಮೊದಲು ಪರೀಕ್ಷೆ ಆಗಲೇಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ, ಕಂದು ಬಣ್ಣದ ಕಲೆ ಕಂಡರೂ, ಒಣಗಿದ್ದಕ್ಕೇ ಬಂತು ಅಂತ ಕೂರಬೇಡಿ. ಹೆಚ್ಚಿನ ಸಲ ಕಾರಣ ಸಣ್ಣದೇ ಇರುತ್ತದೆ, ಆದರೆ ಗರ್ಭಕೋಶದ ಕ್ಯಾನ್ಸರ್ ಇದ್ದರೂ ಮೊದಲು ಕಾಣುವುದು ಇದೇ. ಸ್ಕ್ಯಾನ್ ಮಾಡಿಸಿ, ಕಾರಣ ಗೊತ್ತಾದ ಮೇಲೆಯೇ ಕ್ರೀಮ್. ಸ್ತನ ಕ್ಯಾನ್ಸರ್ ಆದವರು ಮೊದಲು ಹಾರ್ಮೋನ್ ಇಲ್ಲದ ಜೆಲ್ ಬಳಸಿ ನೋಡಬೇಕು, ಅದರಲ್ಲಿ ಆಗದಿದ್ದರೆ ಕ್ಯಾನ್ಸರ್ ಡಾಕ್ಟರನ್ನೇ ಕೇಳಬೇಕು. ಆ ಕ್ಯಾನ್ಸರಿಗೆ ಕೊಡುವ ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಮಾತ್ರೆ ತಿನ್ನುತ್ತಿರುವವರಂತೂ ಅವರನ್ನು ಕೇಳದೆ ಹಚ್ಚಲೇಬಾರದು. ಆ ಜಾಗದಲ್ಲಿ ಬಿಳಿ ಮಚ್ಚೆ, ವಾಸಿಯಾಗದ ಹುಣ್ಣು, ಗಂಟು ಇದ್ದರೂ ತೋರಿಸಿಕೊಳ್ಳಿ. ಎಲ್ಲ ಕೆರೆತವೂ ಒಣಗುವುದರಿಂದಲೇ ಬರುವುದಿಲ್ಲ.

ತೋರಿಸಿಕೊಳ್ಳಿ ಅಂತ ಬರೆಯುವುದು ಸುಲಭ, ತೋರಿಸಿಕೊಳ್ಳುವುದು ಕಷ್ಟ ಅಂತಲೂ ಗೊತ್ತು. ನಮ್ಮ ಕಡೆಯ ಒಂದು ಕ್ಲಿನಿಕ್ಕಿನಲ್ಲಿ, ಹೊರಗೆ ಕೂತವರಿಗೆಲ್ಲ ಕೇಳುವ ಹಾಗೆ, ಈ ವಯಸ್ಸಿನಲ್ಲಿ ಇನ್ನೂ ಏನಮ್ಮಾ ಇದೆಲ್ಲ ಅಂತ ಒಬ್ಬರಿಗೆ ಹೇಳಿದರು. ಅವರು ಮತ್ತೆ ಯಾವ ಡಾಕ್ಟರ ಹತ್ತಿರವೂ ಹೋಗಲಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಚೀಟಿ ನೋಡಿ, ಇದು ಎಲ್ಲಿಗೆ ಹಚ್ಚೋದು ಗೊತ್ತಾ ಅಂತ ಗಟ್ಟಿಯಾಗಿ ಕೇಳಿದ್ದಕ್ಕೆ ಟ್ಯೂಬನ್ನೇ ಬಿಟ್ಟು ಬಂದವರಿದ್ದಾರೆ. ಡಾಕ್ಟರುಗಳೇ, ಮೆಡಿಕಲ್ ಅಂಗಡಿಯ ಅಣ್ಣಂದಿರೇ, ದನಿ ಸ್ವಲ್ಪ ತಗ್ಗಿಸಿ. ಈ ಹೆಂಗಸರು ಎಷ್ಟೋ ತಿಂಗಳು ಧೈರ್ಯ ಕೂಡಿಸಿಕೊಂಡು ಅಲ್ಲಿಗೆ ಬಂದಿರುತ್ತಾರೆ.

ಹೆಂಗಸರಿಗೆ ಒಂದು ಉಪಾಯ ಹೇಳುತ್ತೇನೆ. ಬಾಯಲ್ಲಿ ಹೇಳಲು ಆಗದಿದ್ದರೆ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೈಗೆ ಕೊಡಿ. ಮುಟ್ಟು ನಿಂತು ಇಷ್ಟು ವರ್ಷ, ಕೆಳಗೆ ಒಣಗಿ ಉರಿ, ಇಷ್ಟು ಸಲ ಮೂತ್ರದ ಸೋಂಕು ಅಂತ. ಅಷ್ಟು ಸಾಕು. ಸೊಸೆಯರೇ, ಹೆಣ್ಣುಮಕ್ಕಳೇ, ಅಮ್ಮನನ್ನು, ಅತ್ತೆಯನ್ನು ನೀವೇ ಕೇಳಿ, ಅವರು ತಾವಾಗಿ ಹೇಳುವುದಿಲ್ಲ. ಗಂಡಂದಿರಿಗೂ ಒಂದು ಮಾತು. ಹೆಂಡತಿ ದೂರ ಮಲಗಿದರೆ ಅದು ಬೇಸರವೇ ಇರಬೇಕಾಗಿಲ್ಲ, ನೋವು ಇರಬಹುದು. ನೋವಾಗುತ್ತಾ ಅಂತ ಕೇಳಿ, ಡಾಕ್ಟರ ಹತ್ತಿರ ಜೊತೆಗೆ ಹೋಗಿ. ಬಿಚ್ಚಾಣಿಕೆಗೆ ಹೋಗುವ ಆ ಹೆಂಗಸಿನ ಗಂಡ ವಿಷಯ ಗೊತ್ತಾದ ಮೇಲೆ ತಾನೇ ಗಾಡಿಯಲ್ಲಿ ಕರೆದುಕೊಂಡು ಹೋಗಿ, ಔಷಧಿ ಅಂಗಡಿಯಲ್ಲಿ ತಾನೇ ನಿಂತು ಟ್ಯೂಬ್ ತಂದುಕೊಟ್ಟ. ಅವನಿಗೆ ಗೊತ್ತಿರಲಿಲ್ಲ, ಅಷ್ಟೇ.

ಕೊನೆಯದಾಗಿ ಸರ್ಕಾರಕ್ಕೆ, ನಮ್ಮ ಜಿಲ್ಲೆಯ ಆರೋಗ್ಯ ಅಧಿಕಾರಿಗಳಿಗೆ. ಪಕ್ಕದ ಕೋಲಾರದಲ್ಲಿ 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರ ಬಿಪಿ, ಶುಗರ್ ಎಲ್ಲ ಮನೆ ಬಾಗಿಲಿಗೇ ಬಂದು ನೋಡುತ್ತಾರೆ, ಬಾಯಿ, ಸ್ತನ, ಗರ್ಭಕೋಶದ ಕೊರಳಿನ ಕ್ಯಾನ್ಸರ್ ಬಗ್ಗೆಯೂ ಕೇಳುತ್ತಾರೆ. ತುಂಬಾ ಒಳ್ಳೆಯ ಕೆಲಸ. ಅದೇ ಫಾರಂನಲ್ಲಿ 45 ದಾಟಿದ ಹೆಂಗಸರಿಗೆ ಒಂದು ಪ್ರಶ್ನೆ ಸೇರಿಸಿ, ಕೆಳಗೆ ಒಣಗಿ ಉರಿ ಇದೆಯಾ, ಮೂತ್ರದ ಸೋಂಕು ಮತ್ತೆ ಮತ್ತೆ ಬರುತ್ತಾ ಅಂತ. ಆಶಾ ಕಾರ್ಯಕರ್ತೆಯರು ಹೆಂಗಸರೇ, ಅವರು ಕೇಳಿದರೆ ಹೇಳುತ್ತಾರೆ. ಇದರಿಂದ ಕ್ಯಾನ್ಸರ್ ತಪಾಸಣೆಗೂ ಲಾಭ ಇದೆ. ಒಣಗಿದ ಜಾಗಕ್ಕೆ, ಒಳಗೆ ನೋಡಲು ಬಳಸುವ ಉಪಕರಣ ಹಾಕಿದರೆ ಪ್ರಾಣ ಹೋದ ಹಾಗೆ ನೋಯುತ್ತದೆ, ಒಂದು ಸಲ ನೊಂದವರು ಎರಡನೇ ಸಲ ತಪಾಸಣೆಗೆ ಬರುವುದಿಲ್ಲ. ಮೊದಲು ಕೆಲವು ವಾರ ಕ್ರೀಮ್ ಕೊಟ್ಟು ಆಮೇಲೆ ಕರೆದರೆ ತಡೆದುಕೊಳ್ಳುವ ಹಾಗಿರುತ್ತದೆ. ಎಸ್ಟ್ರಿಯಾಲ್ ಕ್ರೀಮ್ ತಾಲ್ಲೂಕು ಆಸ್ಪತ್ರೆಗಳ ಔಷಧಿ ಕೌಂಟರಿನಲ್ಲಿ ಯಾವಾಗಲೂ ಸಿಗುವ ಹಾಗೆ ಮಾಡಿ. ಟ್ಯೂಬಿನ ಜೊತೆ ಕನ್ನಡದಲ್ಲಿ ದೊಡ್ಡ ಅಕ್ಷರದ ಒಂದು ಹಾಳೆ ಕೊಡಿ, ಹೇಗೆ ಹಚ್ಚಬೇಕು, ಎಷ್ಟು ದಿನ, ಯಾರು ಹಚ್ಚಬಾರದು, ರಕ್ತ ಕಂಡರೆ ಎಲ್ಲಿಗೆ ಬರಬೇಕು ಅಂತ, ಅಪ್ಲಿಕೇಟರಿನ ಚಿತ್ರದ ಜೊತೆ.

ಸಂಪಾದಕರೇ, ಆ ಲೇಖನದ ಮುಂದಿನ ಕಂತು ಅಂತ ಒಬ್ಬ ಸ್ತ್ರೀರೋಗ ತಜ್ಞೆಯಿಂದ ಇದನ್ನು ಬರೆಸಿ. ಓದುಗರ ಪ್ರಶ್ನೆಗಳನ್ನು ಹೆಸರಿಲ್ಲದೆ ಕಳಿಸುವ ಅವಕಾಶ ಕೊಡಿ. ಪ್ರಶ್ನೆಗಳು ಬರುತ್ತವೆ, ನನ್ನದೇ ಎರಡು ಇವೆ: ಗರ್ಭಕೋಶ ಜಾರಿದ್ದಕ್ಕೆ ರಿಂಗ್ ಹಾಕಿಸಿಕೊಂಡವರು ಕ್ರೀಮನ್ನು ಯಾವಾಗ, ಹೇಗೆ ಹಚ್ಚಬೇಕು, ಮತ್ತು ಎಪ್ಪತ್ತು ದಾಟಿ ಕೈ ನಡುಗುವವರಿಗೆ ಅಪ್ಲಿಕೇಟರಿಗಿಂತ ಸುಲಭದ್ದು ಏನಿದೆ.

ಇಂತಿ,
ನಿಮ್ಮ ಓದುಗಳು,
ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ